ಕಪ್ಪೆಗೂ ಲೆನ್ಸಿಗೂ ನಡುವೆ ಎಷ್ಟು ಜಾಗ?

ಶಿರಸಿಯಲ್ಲಿ ಮೋಡ ಕಟ್ಟಲು ಶುರುವಾಗಿದೆ. ಮಳೆಗಾಲದ ಕಪ್ಪೆ ಫೋಟೋ ಕೆಲಸಕ್ಕೆ ಯಾವ ಲೆನ್ಸ್ ಅನ್ನುವ ಲೆಕ್ಕಾಚಾರ ಅಂತೂ ಒಂದು ಹಂತಕ್ಕೆ ಬಂತು. ಕೈಯಲ್ಲಿರುವುದು ಕ್ಯಾನನ್ 1500ಡಿ ಕ್ಯಾಮೆರಾ, 55-250 ಎಂಎಂ ಜೂಮ್ ಲೆನ್ಸ್, ಮತ್ತೆ 50 ಎಂಎಂ ಎಫ್/1.8. ದುಡ್ಡಿರುವುದು ಇನ್ನೊಂದೇ ಲೆನ್ಸಿಗೆ.

ಗೆಳೆಯನದು ಒಂದೇ ಹಟ: "ದೂರದ ಹಕ್ಕಿಗೆ ಸಿಗ್ಮಾ 150-600 ತಗೋ ಮಾರಾಯ, ಸೋಂದಾದ ಮುಂಡಿಗೆಕೆರೆ ಪಕ್ಷಿಧಾಮ ಇಲ್ಲೇ ಇದೆಯಲ್ಲ." ಆಸೆ ಆಗದೇ ಇರುತ್ತಾ? ಆದರೆ ಅಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವುದೇ ಮಳೆಗಾಲದಲ್ಲಿ. 600ಕ್ಕೆ ಹೋದರೆ ಆ ಲೆನ್ಸಿನ ಕಿಂಡಿ ಎಫ್/6.3, ಒಳಗೆ ಬರುವ ಬೆಳಕು ಕಡಿಮೆ. ಕಪ್ಪು ಮೋಡದಡಿ ಷಟರ್ 1/1000 ಸೆಕೆಂಡ್ ಬೇಕೆಂದರೆ ಐಎಸ್‌ಒ ಅಂದರೆ ಸೆನ್ಸರಿನ ಬೆಳಕು ಹಿಡಿಯುವ ಶಕ್ತಿಯನ್ನು, ಏರಿಸುತ್ತಲೇ ಹೋಗಬೇಕು. ನನ್ನ ಕ್ಯಾಮೆರಾದಲ್ಲಿ 3200 ದಾಟಿತು ಅಂದರೆ ಗರಿಯ ಗೆರೆಗಳೆಲ್ಲ ಕಲಸಿಹೋಗುತ್ತವೆ. ಸಾಲದ್ದಕ್ಕೆ ಸುಮಾರು 2 ಕೆಜಿ ಭಾರ. ಹಕ್ಕಿಗೆ ಸದ್ಯ 55-250 ಸಾಕು.

ಕಪ್ಪೆಯ ಲೆಕ್ಕವೇ ಬೇರೆ. ಕಳೆದ ಮಳೆಗಾಲ 50 ಎಂಎಂಗೆ ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕುವ ಖಾಲಿ ಕೊಳವೆ) ಹಾಕಿಕೊಂಡು ಸುಧಾರಿಸಿದ್ದೆ. ಚಿತ್ರ ದೊಡ್ಡದಾಗಿಯೇ ಬರುತ್ತದೆ. ಆದರೆ ಲೆನ್ಸ್ ಕಪ್ಪೆಯ ಮೂಗಿಗೆ ತಾಗುವಷ್ಟು ಹತ್ತಿರ ಹೋಗಬೇಕು. ಫ್ಲ್ಯಾಶ್ ಬೆಳಕಿಗೆ ಲೆನ್ಸಿನದೇ ನೆರಳು ಅಡ್ಡ. ಅಷ್ಟರಲ್ಲಿ ಕಪ್ಪೆ ತೋಟದ ಕಾಲುವೆಗೆ ಹಾರಿ ಆಗಿರುತ್ತದೆ. ಕಾಲಿಗೆ ಹತ್ತಿದ ಉಂಬಳದ ಕಥೆ ಬಿಡಿ.

ಹಾಗಾಗಿ ಈಗ ಪೈಪೋಟಿ ಕ್ಯಾನನ್‌ನ 60 ಎಂಎಂ ಮ್ಯಾಕ್ರೋ ಮತ್ತು 100 ಎಂಎಂ ಮ್ಯಾಕ್ರೋ ನಡುವೆ. ಎರಡೂ 1:1, ಅಂದರೆ ವಸ್ತು ಸೆನ್ಸರ್ ಮೇಲೆ ಅದರ ನಿಜ ಗಾತ್ರದಲ್ಲೇ ಮೂಡುತ್ತದೆ. ಎರಡೂ ಎಫ್/2.8. 60ರ ಕನಿಷ್ಠ ಫೋಕಸ್ ದೂರ 20 ಸೆಂ.ಮೀ., 100ರದ್ದು 31. ಆದರೆ ಈ ದೂರ ಅಳೆಯುವುದು ಸೆನ್ಸರ್‌ನಿಂದ, ಲೆನ್ಸಿನ ಮೂತಿಯಿಂದಲ್ಲ. ಕ್ಯಾಮೆರಾ, ಲೆನ್ಸಿನ ಉದ್ದ ಕಳೆದರೆ 60ರ ಮುಂದೆ ಉಳಿಯುವುದು ಸುಮಾರು 9 ಸೆಂ.ಮೀ., 100ರ ಮುಂದೆ ಸುಮಾರು 15. ಆರು ಸೆಂ.ಮೀ. ಏನು ಮಹಾ ಅನ್ನಬೇಡಿ. ಫ್ಲ್ಯಾಶ್ ಬೆಳಕು ತೂರಿಬರಲು ಅಷ್ಟು ಸಂದು ಸಾಕು. ಎಲೆ ಮೇಲೆ ಮಲಬಾರ್ ಪಿಟ್ ವೈಪರ್ ಎಂಬ ವಿಷದ ಹಾವು ಕೂತಿದ್ದರೆ ಜಾಸ್ತಿ ಇದ್ದಷ್ಟೂ ಒಳ್ಳೆಯದೇ, ಅಲ್ವಾ!

ಎಫ್/2.8 ಇದೆ ಅಂತ ಫೋಟೋ ಅದರಲ್ಲೇ ತೆಗೆಯುವುದಿಲ್ಲ. ಅಷ್ಟು ಹತ್ತಿರದಲ್ಲಿ ಕಣ್ಣು ಫೋಕಸ್ ಆದರೆ ಮೂಗು ಮಸುಕು. ಕಿಂಡಿ ಕಿರಿದು ಮಾಡಿ ಎಫ್/11 ಇಟ್ಟು ಫ್ಲ್ಯಾಶ್ ಹೊಡೆಯುವುದೇ ದಾರಿ. ರಾತ್ರಿ ಕೆಲಸವಾದ್ದರಿಂದ ಅಲುಗಾಟ ತಡೆಯುವ ಐಎಸ್ ಇರುವ ದುಬಾರಿ 'ಎಲ್' ಸರಣಿಯ 100 ಎಂಎಂಗೆ ಜಾಸ್ತಿ ದುಡ್ಡು ಸುರಿಯುವ ಅಗತ್ಯವೂ ಕಾಣಲಿಲ್ಲ. ಅಲುಗಾಟವನ್ನು ಫ್ಲ್ಯಾಶೇ ನಿಲ್ಲಿಸುತ್ತದೆ.

ಇದಕ್ಕೆಲ್ಲ ಆಸೆ ಹಚ್ಚಿದ್ದು ಕುಂಬಾರ ಕಪ್ಪೆ. ಸಿದ್ದಾಪುರ ಕಡೆಯ ಕತ್ತಲೆಕಾನಿನ ಈ ಕಪ್ಪೆಗೆ 2014ರಲ್ಲಷ್ಟೇ ವೈಜ್ಞಾನಿಕ ಹೆಸರು ಸಿಕ್ಕಿತು. ಗಂಡು ಹಳ್ಳದ ತಳದಿಂದ ಮುಂಗೈಯಲ್ಲಿ ಮಣ್ಣು ತೆಗೆದು ಮೊಟ್ಟೆಗೆ ಮೆತ್ತುತ್ತದೆ. ಆ ಕೈ, ಆ ಕೆಸರು ಸ್ಪಷ್ಟವಾಗಿ ಬರಬೇಕು. ಅದನ್ನು ಬೆದರಿಸದೆ, ಮುಟ್ಟದೆ.

ಕೊನೆಗೆ ಎಲ್ ಅಲ್ಲದ ಹಳೆಯ 100 ಎಂಎಂ, ಸೆಕೆಂಡ್ ಹ್ಯಾಂಡ್, ಅಂತ ತೀರ್ಮಾನ. ಹುಬ್ಬಳ್ಳಿಯಲ್ಲಿ ಒಂದು ಸಿಕ್ಕಿದೆ. ತಗೊಳ್ಳುವ ಮೊದಲು ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ಜೇಡರಬಲೆ ಥರದ ಎಳೆ ಇದೆಯೇ ನೋಡಬೇಕು. ಅದು ಬೂಷ್ಟು. ನಮ್ಮೂರಿನ ತೇವಕ್ಕೆ ಇನ್ನೂ ಹಬ್ಬುತ್ತದೆ. ಸಿಲಿಕಾ ಜೆಲ್ ತಂದು ಗಾಳಿಯಾಡದ ಡಬ್ಬಿ ಸಿದ್ಧ ಮಾಡಿದ್ದೇನೆ. ಫ್ಲ್ಯಾಶ್ ಬೆಳಕು ಮೆದುಗೊಳಿಸುವ ಥರ್ಮಾಕೋಲ್ ಡಿಫ್ಯೂಸರ್ ಅರ್ಧ ಆಗಿದೆ, ಲೆನ್ಸ್ ಬಂದ ಮೇಲೆ ಅಳತೆ ನೋಡಿ ಕತ್ತರಿಸಬೇಕು.