ಕೋವಿಯ ಕಿಟ್ಟ: ಬಿಲ್ಡ್ 0.3ರಿಂದ 0.6ರವರೆಗೆ

ಬಿಲ್ಡ್ 0.3

ಇದು ನಾವು ಕಟ್ಟುತ್ತಿರುವ ಹಳೆಯ ಕಾಳಗಗಳ ವಿಡಿಯೋ ಗೇಮಿನ ಟಿಪ್ಪಣಿ, ಒಂದೊಂದು ಬಿಲ್ಡ್ ಅದರ ಒಂದೊಂದು ಆವೃತ್ತಿ. ಕಿಟ್ಟ ಎಂದರೆ ಮದ್ದು ಉರಿದು ಕೋವಿಯಲ್ಲಿ ಉಳಿಯುವ ಮಡ್ಡಿ. ಶುರುವಿನಲ್ಲಿ ಆಟದ ಕಿಟ್ಟಕ್ಕೆ ಇದ್ದದ್ದು ಒಂದೇ ಅಂಕಿ, 0ಯಿಂದ 100. ಈಡಿಗೆ 4ರಂತೆ ಏರುತ್ತಿತ್ತು, ಏರಿದಷ್ಟೂ ಗುರಿ ಚದುರುತ್ತಿತ್ತು. ಅದನ್ನು ಪೂರ್ತಿ ಕಿತ್ತುಹಾಕಿದ್ದೇವೆ. ಆಟದ ಕೋವಿ ಬ್ರೌನ್ ಬೆಸ್, ಬ್ರಿಟಿಷ್ ಸೈನ್ಯದ ಬಾಯಿಯಿಂದ ತುಂಬುವ ಕಲ್ಲಿನ ಕೋವಿ. ಅದರ ನಳಿಗೆಯ ಒಳಗಣ್ಣು 0.75 ಇಂಚು, ಗುಂಡು ಸುಮಾರು 0.69. ಒಂದೂವರೆ ಮಿಲಿಮೀಟರ್ ಸಡಿಲದಲ್ಲಿ ಗುಂಡು ಅತ್ತಿತ್ತ ಬಡಿದುಕೊಂಡೇ ಹೊರಬೀಳುತ್ತದೆ. ಫಳಫಳ ಹೊಳೆಯುವ ಕೋವಿಯಲ್ಲೂ ನೂರು ಗಜದಾಚೆ ಒಬ್ಬನೇ ಮನುಷ್ಯನಿಗೆ ತಾಗಿಸುವುದು ಅದೃಷ್ಟದ ಮಾತು. ಇಂಥ ಗುರಿಯನ್ನು ಕಿಟ್ಟ ಇನ್ನೇನು ಕೆಡಿಸೀತು? ಅದು ತಿನ್ನುವುದು ತುಂಬುವ ಹೊತ್ತನ್ನು. ಜೊತೆಗೆ, ಕುದುರೆ (ಕಲ್ಲು ಹಿಡಿದು ಬಡಿಯುವ ಕೊಕ್ಕೆ) ಬಿದ್ದರೆ ಈಡು ಹಾರುತ್ತದೆ ಎಂಬ ಭರವಸೆಯನ್ನು.

ಪರೀಕ್ಷೆಯ ನಕ್ಷೆ ಸ್ಪೇನಿನ ಆಲ್ಬುಯೆರಾ, ಬ್ರಿಟಿಷರ ಕೂಟಕ್ಕೂ ಫ್ರೆಂಚರಿಗೂ ಕಾಳಗ ನಡೆದ 1811ರ ಮೇ 16. ಕೋವಿ ಬ್ರೌನ್ ಬೆಸ್‌ನ ಇಂಡಿಯಾ ಪ್ಯಾಟರ್ನ್: ಈಸ್ಟ್ ಇಂಡಿಯಾ ಕಂಪನಿಗೆಂದು ಮಾಡಿ, 1797ರಲ್ಲಿ ಬ್ರಿಟಿಷ್ ಸೈನ್ಯವೂ ಒಪ್ಪಿಕೊಂಡ, 39 ಇಂಚು ನಳಿಗೆಯ ಮಾದರಿ.

ಬಿಲ್ಡ್ 0.4

ಒಂದು ಅಂಕಿಯ ಜಾಗದಲ್ಲಿ ಈಗ ಮೂರು: ನಳಿಗೆ, ಕಿವಿ, ಕಲ್ಲು. ಕಲ್ಲು ಎಂದರೆ ಕಿಡಿ ಹಾರಿಸುವ ಚಕಮಕಿ ಕಲ್ಲು. ರಂಜಕ ಎಂದರೆ ಆ ಕಿಡಿಗೆ ಮೊದಲು ಹೊತ್ತಿಕೊಳ್ಳುವ ಚಿಟಿಕೆ ಮದ್ದು. ಕಿವಿ ಎಂದರೆ ರಂಜಕದ ಬಟ್ಟಲಿನಿಂದ ನಳಿಗೆಯ ಬುಡಕ್ಕೆ ಬೆಂಕಿ ದಾಟುವ ಸಣ್ಣ ತೂತು. ಮೂರೂ ಬೇರೆ ಬೇರೆ ವೇಗದಲ್ಲಿ ಕೆಡುತ್ತವೆ, ಕೆಟ್ಟಾಗ ಆಗುವುದೂ ಬೇರೆ ಬೇರೆ.

ಕಲ್ಲು ಸವೆದರೆ ಕಿಡಿಯೇ ಇಲ್ಲ. ಕಿವಿ ಕಟ್ಟಿದರೆ ರಂಜಕ ಭುಗ್ಗೆಂದು ಉರಿದು ಅಲ್ಲಿಗೇ ಮುಗಿಯುತ್ತದೆ, ಒಳಗಿನ ಮದ್ದಿಗೆ ಬೆಂಕಿ ಮುಟ್ಟುವುದಿಲ್ಲ. ಅರ್ಧ ಕಟ್ಟಿದ್ದರೆ ತಡವಾಗಿ ಹಾರುತ್ತದೆ, ಆಟದಲ್ಲಿ 0.2ರಿಂದ 0.8 ಸೆಕೆಂಡ್ ತಡ ಇಟ್ಟಿದ್ದೇವೆ. ಅಷ್ಟರಲ್ಲಿ ಆಟಗಾರ ಕೋವಿ ಇಳಿಸಿದ್ದರೆ ಗುಂಡು ನೆಲಕ್ಕೆ. ಸೈನಿಕನ ಬಳಿ 60 ತೋಟಾ, 3 ಕಲ್ಲು. ಹಾಗಾಗಿ 20 ಈಡು ದಾಟುತ್ತಿದ್ದಂತೆ ಕಿಡಿ ತಪ್ಪುವ ಸಂಭವ ಕಡಿದಾಗಿ ಏರುತ್ತದೆ.

ನಳಿಗೆಯ ಲೆಕ್ಕಕ್ಕೆ ಸ್ವಲ್ಪ ರಸಾಯನಶಾಸ್ತ್ರ ಬೇಕಾಯಿತು. ಒಂದು ತೋಟಾದಲ್ಲಿ ರಂಜಕವೂ ಸೇರಿ ಹತ್ತು ಗ್ರಾಂ ಚಿಲ್ಲರೆ ಕರಿಮದ್ದು. ನೂರರಲ್ಲಿ 75 ಭಾಗ ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಉರಿದಾಗ ತೂಕದ ಅರ್ಧಕ್ಕಿಂತ ತುಸು ಹೆಚ್ಚೇ ಘನ ಪದಾರ್ಥವಾಗಿ ಉಳಿಯುತ್ತದೆ: ಮುಖ್ಯವಾಗಿ ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್. ಬಹುಪಾಲು ಬಿಳಿ ಹೊಗೆಯಾಗಿ ಹೋಗುತ್ತದೆ, ಉಳಿದದ್ದು ಗೋಡೆಗೆ ಅಂಟಿ ಪದರ ಕಟ್ಟುತ್ತದೆ. ಮೊದಲ ಹದಿನೈದು ಈಡುಗಳನ್ನು ಗುಂಡಿನ ಸುತ್ತಲಿನ ಆ ಸಡಿಲವೇ ನುಂಗಿಕೊಳ್ಳುತ್ತದೆ, ಗಜ (ತೋಟಾವನ್ನು ಒಳಗೆ ತಳ್ಳುವ ಉಕ್ಕಿನ ಸರಳು) ಸಲೀಸಾಗಿ ಇಳಿಯುತ್ತದೆ. ಆಮೇಲೆ ಗೆರೆ ಮೇಲಕ್ಕೆ ಬಾಗುತ್ತದೆ. ನಮ್ಮ ಈಗಿನ ಅಂಕಿಗಳಲ್ಲಿ ತುಂಬಲು 1ನೇ ಈಡಿಗೆ 18 ಸೆಕೆಂಡ್, 15ನೆಯದಕ್ಕೆ 20, 30ನೆಯದಕ್ಕೆ 29, 40 ದಾಟಿದರೆ ಗುಂಡು ನಡುದಾರಿಯಲ್ಲೇ ಸಿಕ್ಕಿಕೊಳ್ಳಬಹುದು.

ಪರದೆಯ ಮೇಲೆ ಮಾಪಕ ಇಲ್ಲ. ಗಜವೇ ಮಾಪಕ. ತುಂಬಿದ ಕೋವಿಯಲ್ಲಿ ಗಜದ ತುದಿ ಬಾಯಿಯಿಂದ ಎಷ್ಟು ಹೊರಗಿರಬೇಕೋ ಅದಕ್ಕಿಂತ ಎರಡು ಬೆರಳು ಹೆಚ್ಚು ಹೊರಗಿದ್ದರೆ ಗುಂಡು ಮದ್ದಿನ ಮೇಲೆ ಕೂತಿಲ್ಲ. ಹಾಗೇ ಹೊಡೆದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಸದ್ದೂ ಸುಳಿವು ಕೊಡುತ್ತದೆ. ಶುಚಿಯಾದ ಖಾಲಿ ನಳಿಗೆಗೆ ಉಕ್ಕಿನ ಗಜ ಬಿಟ್ಟರೆ ಠಣ್ಣೆಂದು ಪುಟಿಯುತ್ತದೆ, ಕಿಟ್ಟವೋ ತೋಟಾವೋ ಇದ್ದರೆ ದಬ್ಬೆಂದು ಕೂರುತ್ತದೆ. ಈ ಎರಡು ಸದ್ದಿನ ವ್ಯತ್ಯಾಸಕ್ಕೆ ಹಾಕಿದ ಶ್ರಮ ಇಡೀ ಬಿಲ್ಡ್‌ನ ಕಾಲು ಭಾಗ. ದಂಡವಾಗಲಿಲ್ಲ.

ಬಿಲ್ಡ್ 0.5

ಹವೆ ಸೇರಿತು. ಕಾರ್ಬೊನೇಟ್ ಗಾಳಿಯ ತೇವ ಹೀರುತ್ತದೆ. ಒಣ ಬಿಸಿಲಲ್ಲಿ ಕಿಟ್ಟ ತಳಹಿಡಿದ ಅನ್ನದ ಹಾಗೆ ಗಟ್ಟಿ ಹಕ್ಕಳೆ. ತೇವದಲ್ಲಿ ಮೆತ್ತಗಿನ ಕೆಸರು. ತೇವವಿದ್ದರೆ ತುಂಬುವುದು ಸುಲಭ, ಆದರೆ ಬಟ್ಟಲಿನಲ್ಲಿ ಅದೇ ಕೆಸರು ಹೊಸ ರಂಜಕವನ್ನು ಪಸೆಯಾಗಿಸುತ್ತದೆ. ಆದ್ದರಿಂದ ತೇವ ಒಂದಕ್ಕೆ ಲಾಭ, ಇನ್ನೊಂದಕ್ಕೆ ನಷ್ಟ. ಹಿಂದೆ ಎರಡಕ್ಕೂ ನಷ್ಟ ಮಾಡಿದ್ದು ನಮ್ಮ ತಪ್ಪು.

ಆಲ್ಬುಯೆರಾದಲ್ಲಿ ಆಲಿಕಲ್ಲು ಮಳೆ ಬಿದ್ದಾಗ ಬ್ರಿಟಿಷ್ ಅಧಿಕಾರಿ ಕೋಲ್ಬೋರ್ನ್‌ನ ಬ್ರಿಗೇಡಿನ ನಾಲ್ಕರಲ್ಲಿ ಮೂರು ಬೆಟಾಲಿಯನ್‌ಗಳನ್ನು ಪೋಲಿಷ್ ಭರ್ಜಿ ಸವಾರರೂ ಫ್ರೆಂಚ್ ಹುಸ್ಸಾರರೂ ಧೂಳೀಪಟ ಮಾಡಿದರು. ನಕ್ಷೆಯಲ್ಲಿ ಮಳೆ ಶುರುವಾದೊಡನೆ ಬಟ್ಟಲು ಸೆಕೆಂಡಿಗೆ 2ರಂತೆ ಒದ್ದೆಯಾಗುತ್ತದೆ, ಬೀಗಕ್ಕೆ, ಅಂದರೆ ಕುದುರೆ ಬಟ್ಟಲುಗಳಿರುವ ಭಾಗಕ್ಕೆ, ತೊಗಲಿನ ಹೊದಿಕೆ ಇದ್ದರೆ ಇಲ್ಲ. ಹೊದಿಕೆ ಹಾಕಿದ್ದಾಗ ಹೊಡೆಯಲಾಗದು, ಅಷ್ಟೇ. 1757ರ ಪ್ಲಾಸಿಯಲ್ಲಿ ಕಂಪನಿಯವರು ಮದ್ದಿನ ಮೇಲೆ ಟಾರ್ಪಾಲಿನ್ ಹೊದಿಸಿದ್ದೂ ಇದೇ ಲೆಕ್ಕ. ಆ ನಕ್ಷೆಯನ್ನು ಮುಂದೆ ಮಾಡಬಹುದು.

ಇದೇ ಬಿಲ್ಡ್‌ನಲ್ಲಿ ಒಂದು ದೋಷ ಕಂಡಿತು: ಎಐ ಸೈನಿಕರು ತಪ್ಪಿದ ಈಡಿನ ಮೇಲೇ ಇನ್ನೊಂದು ತೋಟಾ ತುಂಬುತ್ತಿದ್ದರು. ಸರಿಪಡಿಸಲು ಹೊರಟು ಕೈಬಿಟ್ಟೆವು, ಏಕೆಂದರೆ ಅದು ದೋಷವೇ ಅಲ್ಲ. 1863ರಲ್ಲಿ ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕಾಳಗದ ಬಯಲಲ್ಲಿ ಹೆಕ್ಕಿದ 27 ಸಾವಿರಕ್ಕೂ ಮಿಕ್ಕ ಬಂದೂಕುಗಳಲ್ಲಿ ಸುಮಾರು 24 ಸಾವಿರ ತುಂಬಿದ್ದವು, ಸುಮಾರು 12 ಸಾವಿರದಲ್ಲಿ ಎರಡೆರಡು ತೋಟಾ ಇದ್ದವು ಎನ್ನುವುದು ದಾಖಲಾದ ಮಾತು. ಅವು ಕೇಪಿನ ಬಂದೂಕು, ಕಲ್ಲಿನವಲ್ಲ. ಆದರೂ ಸಾಲಿನ ಗದ್ದಲದಲ್ಲಿ ತನ್ನ ಕೋವಿ ಹಾರಿತೋ ಇಲ್ಲವೋ ತಿಳಿಯದ ಅವಸ್ಥೆ ಒಂದೇ. ಈಗ ಇದು ಅಧಿಕೃತ ಲಕ್ಷಣ.

ಬಿಲ್ಡ್ 0.6

ಶುಚಿ ಮಾಡುವುದು ಎರಡು ಬಗೆ. ಸಾಲಿನಲ್ಲಿ ನಿಂತಾಗ: ಎದೆಪಟ್ಟಿಗೆ ಕಟ್ಟಿದ ತಂತಿಯಿಂದ ಕಿವಿ ಚುಚ್ಚಿ, ಕುಂಚದಿಂದ ಬಟ್ಟಲು ಗುಡಿಸಿ, ಕಲ್ಲಿನ ಅಂಚನ್ನೂ ಅದು ಉಜ್ಜುವ ಉಕ್ಕಿನ ಮುಖವನ್ನೂ ಒರೆಸುವುದು. 6 ಸೆಕೆಂಡ್, ಕಿವಿ ಮಾತ್ರ ಸರಿಹೋಗುತ್ತದೆ.

ಪೂರ್ತಿ ತೊಳೆಯಲು ನೀರೇ ಬೇಕು. ಎಣ್ಣೆ ಕಿಟ್ಟದ ಲವಣಗಳನ್ನು ಕರಗಿಸುವುದಿಲ್ಲ. ಮೊದಲು ಎಣ್ಣೆ ಹಚ್ಚಿದವರ ನಳಿಗೆ ಅಡಿಯಲ್ಲಿ ತುಕ್ಕು ಹಿಡಿಯುವಂತೆ ಮಾಡಿದ್ದೇವೆ. ಮೊದಲು ಕೋವಿ ಖಾಲಿ ಎಂದು ಗಜದಿಂದ ಖಾತ್ರಿ. ಕಿವಿಗೆ ಮರದ ಕಡ್ಡಿಯ ಬಿರಡೆ. ನಳಿಗೆಯ ಒಳಗಿನ ಪೂರ್ತಿ ಗಾತ್ರ ಸುಮಾರು 280 ಮಿಲಿಲೀಟರ್. ಅರ್ಧ, ಅಂದರೆ 140, ಹೊಯ್ದು ಬಾಯಿಗೆ ಹೆಬ್ಬೆರಳೊತ್ತಿ ಕುಲುಕಿ ಚೆಲ್ಲಬೇಕು. ಮೊದಲ ನೀರು ಶಾಯಿಯಂತೆ ಕಪ್ಪು, ಕೆಟ್ಟ ಮೊಟ್ಟೆಯ ನಾತ, ಮೂರನೆಯದು ತಿಳಿ. ಗಜದ ತುದಿಗೆ ತಿರುಪುಕೊಕ್ಕೆ ಹಾಕಿ ನಾರು ಸುತ್ತಿ ಎರಡು ಸಲ ಒರೆಸಿ, ಕಡೆಗೆ ಎಣ್ಣೆ. ನೀರು ಬಿಸಿಯಿದ್ದರೆ ಕಾದ ಕಬ್ಬಿಣ ತಾನೇ ಒಣಗುತ್ತದೆ. ತಣ್ಣೀರಾದರೆ ಒರೆಸುವ ಸಲ ಎರಡರ ಬದಲು ನಾಲ್ಕು, ಮತ್ತು ಚಿಟಿಕೆ ಮದ್ದನ್ನು ಗುಂಡಿಲ್ಲದೆ ಸುಟ್ಟು ಕಿವಿ ಒಣಗಿಸಬೇಕು. ಇದನ್ನು ಬಿಟ್ಟವರ ಮೊದಲ ಈಡು ಹತ್ತರಲ್ಲಿ ಆರು ಸಲ ತಪ್ಪುತ್ತದೆ.

ಸೈನಿಕನ ನೀರಿನ ಪೀಪಾಯಿ ಆಟದಲ್ಲಿ 1200 ಮಿಲಿಲೀಟರ್. ಒಂದು ತೊಳೆತಕ್ಕೆ 420. ತೋಟಾದ ಕಾಗದ ಹಲ್ಲಿನಿಂದ ಕಚ್ಚುವಾಗ ಬಾಯಿಗೆ ಬೀಳುವ ಪೆಟ್ಲುಪ್ಪು ದಾಹ ಏರಿಸುತ್ತದೆ, ಆದ್ದರಿಂದ ಕುಡಿಯಲೋ ತೊಳೆಯಲೋ ಎಂಬ ಜಗ್ಗಾಟ ಸದಾ ಇರುತ್ತದೆ. ನೀರಿಲ್ಲದಾಗ ಸೈನಿಕರು ನಳಿಗೆಗೆ ಉಚ್ಚೆ ಹೊಯ್ಯುತ್ತಿದ್ದರು. ಆಟದಲ್ಲಿ ಅದೂ ಇದೆ, ಒಂದು ಬಟನ್ನಿಗೆ ಜೋಡಿಸಿದ್ದೇವೆ. ವಯೋಮಿತಿಯ ಗುರುತು ಏನಾಗುತ್ತದೋ ನೋಡಬೇಕು.

ಒದ್ದೆಯಾದ ತುಂಬು ಕೋವಿಗೆ ಉಪಾಯ: ಕಿವಿ ಚುಚ್ಚಿ, ನಾಲ್ಕು ಕಾಳು ಒಣ ಮದ್ದು ಒಳಗೆ ತುರುಕಿ, ರಂಜಕ ಹಾಕಿ ಹೊಡೆಯುವುದು. ಆಗಲಿಲ್ಲವೆಂದರೆ ಗುಂಡನ್ನು ತಿರುಪಿನಿಂದ ಎಳೆಯಬೇಕು, 50 ಸೆಕೆಂಡ್.

ಬಾಕಿ: ಬೇಕರ್ ರೈಫಲ್, ನಳಿಗೆಯೊಳಗೆ ಸುರುಳಿ ಗೀರುಗಳಿರುವ ಕೋವಿ. 0.625 ಇಂಚಿನ ನಳಿಗೆಗೆ ಗುಂಡು, ಅದರ ಸುತ್ತ ಎಣ್ಣೆ ಸವರಿದ ತೇಪೆ, ಸಡಿಲವೇ ಇಲ್ಲ. ಇದರಲ್ಲಿ ಕಿಟ್ಟ ನಿಜಕ್ಕೂ ಗುರಿ ಕೆಡಿಸುತ್ತದೆ, ಆದ್ದರಿಂದ 0.3ರಲ್ಲಿ ಕಿತ್ತ ಅಂಕಿ ಈ ಒಂದು ಕೋವಿಗೆ ವಾಪಸ್ ಬರಬೇಕು. ಅವಸರಕ್ಕೆ ತೇಪೆ ಬಿಟ್ಟು ಬರೀ ತೋಟಾ ತುಂಬುವ ಆಯ್ಕೆ ಕೆಲಸ ಮಾಡುತ್ತಿದೆ. ತೇಪೆಯ ಎಣ್ಣೆ ಕಿಟ್ಟವನ್ನು ಎಷ್ಟು ಮೆತ್ತಗಾಗಿಸಬೇಕು ಎಂಬ ಅಂಕಿ ಇನ್ನೂ ಕೂತಿಲ್ಲ, ಈಗ 0.7 ಇದೆ, ಹತ್ತು ಈಡಿಗೇ ಗಜ ಸಿಕ್ಕಿಕೊಳ್ಳುತ್ತಿದೆ.