ಲ್ಯೂಟ್‌ನ ಮೊದಲ ಫ್ರೆಟ್ ಎಲ್ಲಿರಬೇಕು?

ಯುರೋಪಿನ ಹಳೆಯ ತಂತಿವಾದ್ಯ ಲ್ಯೂಟ್ ನುಡಿಸುವವರು ಕೂಡ ಈಗ ಮೊಬೈಲಿನ ಟ್ಯೂನರ್ ನೋಡಿಯೇ ಶ್ರುತಿ ಮಾಡಿಕೊಳ್ಳುತ್ತಾರೆ. ತಪ್ಪೇನಿಲ್ಲ. ಆದರೆ ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಆ ಟ್ಯೂನರ್ ತೋರಿಸುವುದು ಸಮಪಾಲಿನ ಶ್ರುತಿ. ಸೆಂಟ್ ಅಂದರೆ ಸ್ವರಗಳ ಅಂತರ ಅಳೆಯುವ ಮಾನ: ಸ್ಥಾಯಿಗೆ 1200 ಸೆಂಟ್, ಪ್ರತಿ ಅರ್ಧಸ್ವರಕ್ಕೂ ತಲಾ 100. ಗಿಟಾರಿಗೆ ಅದೇ ಗತಿ, ಅದರ ಫ್ರೆಟ್, ಅಂದರೆ ವೀಣೆಯ ಮೆಟ್ಟಿನಂಥ ಪಟ್ಟಿ, ಮರದೊಳಗೆ ಕೂತಿರುತ್ತದೆ. ಲ್ಯೂಟ್‌ನದು ಕುತ್ತಿಗೆಗೆ ಸುತ್ತಿ ಗಂಟು ಹಾಕಿದ ಕರುಳಿನ ದಾರ. ಬೆರಳಲ್ಲಿ ತಳ್ಳಿದರೆ ಸರಿಯುತ್ತದೆ. ಸರಿಯುವ ಫ್ರೆಟ್ ಇಟ್ಟುಕೊಂಡು ಸರಿಸದೇ ಕೂರುವುದು ನನ್ನಿಂದಾಗದು.

ನನ್ನ ವಾದ್ಯದಲ್ಲಿ ತಂತಿಯ ಉದ್ದ 60 ಸೆಂ.ಮೀ. ಮೇಲಿನ ಸ್ವರದಿಂದ ಎಣಿಸಿದರೆ ಜಿ, ಡಿ, ಎ, ಎಫ್, ಸಿ, ಜಿ. ಅಂದರೆ ನಾಲ್ಕು ಕಡೆ ಸ–ಮ ದೂರ, ನಡುವೆ ಎಫ್ ಮತ್ತು ಎ ತಂತಿಗೆ ಮಾತ್ರ ಸ–ಗ ದೂರ. ತಂಟೆ ಶುರುವಾಗುವುದೇ ಇಲ್ಲಿ. (ಇಲ್ಲಿ ಶುದ್ಧ ಅಂದರೆ ಎರಡು ಸ್ವರ ನಡುಕವಿಲ್ಲದೆ ಬೆರೆಯುವ ದೂರ, ಕರ್ನಾಟಕ ಸಂಗೀತದ ಸ್ವರದ ಹೆಸರಲ್ಲ.) ನಾಲ್ಕೂ ಮಧ್ಯಮ ಶುದ್ಧ, ಗಾಂಧಾರವೂ ಶುದ್ಧ ಅಂತ ಸೇರಿಸಿದರೆ, ಎರಡು ಜಿಗಳ ನಡುವೆ ಪೂರ್ತಿ ಎರಡು ಸ್ಥಾಯಿ ಬರಬೇಕಲ್ವಾ? ಬರುವುದಿಲ್ಲ. 21.5 ಸೆಂಟ್ ಕಡಿಮೆ ಬೀಳುತ್ತದೆ. ಇದಕ್ಕೆ ಕಾಮಾ ಅಂತ ಹೆಸರು. ಈ ಸಾಲವನ್ನು ಯಾರ ಮೇಲೆ ಹೊರಿಸಬೇಕು ಅನ್ನುವುದೇ ಟೆಂಪರಮೆಂಟ್. ನಾಲ್ಕು ಮಧ್ಯಮಗಳಿಗೆ ಹಂಚಿದರೆ ಒಂದೊಂದೂ 5.4 ಸೆಂಟ್ ಹಿಗ್ಗುತ್ತದೆ, ಗಾಂಧಾರ ಶುದ್ಧವಾಗಿಯೇ ಉಳಿಯುತ್ತದೆ. ಅದು ಕಾಲು ಕಾಮಾದ ಮೀನ್‌ಟೋನ್.

ನಾಲ್ಕನೇ ಫ್ರೆಟ್ ಇದಕ್ಕೆ ಹೇಳಿದ ಮಾತು ಕೇಳುತ್ತದೆ. ಸಮಪಾಲಿನಲ್ಲಿ ಅದರ ಜಾಗ ನಟ್‌ನಿಂದ (ಬಿರಡೆ ಬದಿಯಲ್ಲಿ ತಂತಿ ಕೂರುವ ಪಟ್ಟಿ) ಸುಮಾರು 12.4 ಸೆಂ.ಮೀ. ಶುದ್ಧ ಗಾಂಧಾರಕ್ಕೆ ಬೇಕಿರುವುದು ತಂತಿಯ ಐದನೇ ಒಂದು ಭಾಗ, ಸರಿಯಾಗಿ 12. ಬಿರಡೆ ಕಡೆಗೆ ನಾಲ್ಕು ಮಿಲಿಮೀಟರ್ ತಳ್ಳಿದರೆ ಆಯಿತು, ಸ್ವರದ ನಡುಕ ನಿಲ್ಲುತ್ತದೆ. ಸ್ಪೇನಿನ ಲೂಯಿಸ್ ಮಿಲಾನ್ 1536ರಲ್ಲೇ ನಾಲ್ಕನೇ ಫ್ರೆಟ್ ಸ್ವಲ್ಪ ಸರಿಸಿಕೊಂಡು ನುಡಿಸಿ ಅಂತ ಬರೆದಿದ್ದಾನೆ. ಅವನದು ವಿಹುವೇಲಾ. ನೋಡಲು ಗಿಟಾರಿನ ಹಾಗೆ, ತಂತಿ ಸೇರಿಸುವ ಕ್ರಮ ಮಾತ್ರ ಲ್ಯೂಟ್‌ನದೇ.

ಮೊದಲ ಫ್ರೆಟ್ ಮಾತ್ರ ಪೀಡೆ. ಮೀನ್‌ಟೋನ್‌ನಲ್ಲಿ ಅರ್ಧಸ್ವರ ಎರಡು ಬಗೆ: 76 ಸೆಂಟಿನದೊಂದು, 117ರದೊಂದು. ಎಫ್‌ನಿಂದ ಅದರ ಮೇಲಿನ ಅರ್ಧಸ್ವರ ಎಫ್ ಶಾರ್ಪ್‌ಗೆ ಚಿಕ್ಕದು. ಎನಿಂದ ಬಿಯ ಕೆಳಗಿನ ಅರ್ಧಸ್ವರ ಬಿ ಫ್ಲ್ಯಾಟ್‌ಗೆ ದೊಡ್ಡದು. ಎರಡೂ ಸ್ವರ ಇರುವುದು ಮೊದಲ ಫ್ರೆಟ್‌ನಲ್ಲೇ, ಅದೂ ಅಕ್ಕಪಕ್ಕದ ತಂತಿಗಳಲ್ಲಿ. ಒಂದಕ್ಕೆ ದಾರ 2.6 ಸೆಂ.ಮೀ.ನಲ್ಲಿ ಬೇಕು, ಇನ್ನೊಂದಕ್ಕೆ 3.9ರಲ್ಲಿ. ಜಿ ಮೈನರ್ ರಚನೆಗೆ ಎರಡೂ ಬೇಕೇ ಬೇಕು. ಬಿ ಫ್ಲ್ಯಾಟ್ ಇಲ್ಲದೆ ಅದು ಮೈನರ್ ಆಗುವುದಿಲ್ಲ, ಎಫ್ ಶಾರ್ಪ್ ಇಲ್ಲದೆ ಮುಕ್ತಾಯಕ್ಕೆ ಬರುವುದಿಲ್ಲ.

ಪಕ್ಕದಲ್ಲಿ ಒಂದು ತುಂಡು ಫ್ರೆಟ್ ಅಂಟಿಸಿಕೊಳ್ಳುವವರಿದ್ದಾರೆ. ಅದಕ್ಕೆ ಟಾಸ್ಟೀನೋ ಅನ್ನುತ್ತಾರೆ. ವಿನ್ಚೆಂಜೊ ಗೆಲಿಲಿಗೆ ಅದು ಹಿಡಿಸುತ್ತಿರಲಿಲ್ಲ. ಗೆಲಿಲಿಯೋನ ಅಪ್ಪ ಇವನು, ಸ್ವತಃ ಲ್ಯೂಟ್ ವಾದಕ. 1581ರ ಪುಸ್ತಕದಲ್ಲಿ ಅವನು ಕೊಟ್ಟ ಲೆಕ್ಕ ಬಹಳ ಸುಲಭ: ಉಳಿದ ತಂತಿಯ ಹದಿನೆಂಟನೇ ಒಂದು ಭಾಗ ಅಳೆದು ಮುಂದಿನ ಫ್ರೆಟ್ ಕಟ್ಟು. ಪ್ರತಿ ಹೆಜ್ಜೆಗೂ 99 ಸೆಂಟ್ ಬರುತ್ತದೆ. ಹನ್ನೆರಡು ಹೆಜ್ಜೆಗೆ ಸ್ಥಾಯಿ 12–13 ಸೆಂಟ್ ಕಡಿಮೆಯಾಗುತ್ತದೆ ನಿಜ, ಆದರೆ ತಂತಿಯನ್ನು ಒತ್ತಿದಾಗ ಬಿಗಿ ಹೆಚ್ಚಿ ಸ್ವರ ಸ್ವಲ್ಪ ಏರುತ್ತದಲ್ಲ, ಅಲ್ಲಿಗೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಜಾಣತನವೇ. ಆದರೂ ಆ ಗಾಂಧಾರಗಳು ನನ್ನ ಕಿವಿಗೆ ಜಾಸ್ತಿ ಚುರುಕು.

ನಾನು ಆರನೇ ಒಂದು ಕಾಮಾದ ಮೀನ್‌ಟೋನ್ ಇಟ್ಟುಕೊಂಡಿದ್ದೇನೆ. ಇದರಲ್ಲಿ ಅರ್ಧಸ್ವರಗಳು 89 ಮತ್ತು 108. ನಾಲ್ಕನೇ ಫ್ರೆಟ್ ಎರಡೇ ಮಿಲಿಮೀಟರ್ ಸರಿಯುತ್ತದೆ. ಗಾಂಧಾರ ಪೂರ್ತಿ ಶುದ್ಧವಲ್ಲ, ಆದರೆ ಮೊದಲ ಫ್ರೆಟ್‌ನ ಜಗಳ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಓರೆಯಾಗಿ ಕಟ್ಟುತ್ತೇನೆ: ಮಂದ್ರದ ತಂತಿಗಳ ಬದಿ ಬಿರಡೆ ಕಡೆಗೆ, ತಾರದ ಬದಿ ಅದರಿಂದ ದೂರಕ್ಕೆ. ಸಿ, ಎಫ್ ತಂತಿಗಳಿಗೆ ಶಾರ್ಪ್ ಬೇಕು, ಎ, ಡಿ ತಂತಿಗಳಿಗೆ ಫ್ಲ್ಯಾಟ್ ಬೇಕು, ಹಾಗಾಗಿ ಓರೆ ಎರಡಕ್ಕೂ ಹೊಂದುತ್ತದೆ. ಉಳಿದ ಕೊರತೆಗೆ ಬೆರಳಿದೆ. ಬಿ ಫ್ಲ್ಯಾಟ್ ಒತ್ತುವಾಗ ತಂತಿಯನ್ನು ಚೂರು ಪಕ್ಕಕ್ಕೆ ಎಳೆದರೆ ಅದು ಏರುತ್ತದೆ.

ಹೀಗೆ ಕಟ್ಟಿದ ಮೇಲೆ ಮೇಲಿನ ಜಿ ತಂತಿಯ ಮೊದಲ ಫ್ರೆಟ್ ಎ ಫ್ಲ್ಯಾಟ್‌ಗೆ ಮಾತ್ರ ಲಾಯಕ್ಕು. ಇ ಮೇಜರ್ ಬಂದು ಜಿ ಶಾರ್ಪ್ ಬೇಕಾದಾಗ ಅದನ್ನು ಡಿ ತಂತಿಯ ಆರನೇ ಫ್ರೆಟ್‌ನಲ್ಲಿ ಹಿಡಿಯುತ್ತೇನೆ. ಎಡಗೈ ಗೊಣಗುತ್ತದೆ, ಗೊಣಗಲಿ.