ಡ್ಯಾಶ್ ನಂಬಬೇಡಿ, ಪಟ್ಟಿಗೆ ಹೆಸರಿಡಿ

ಬೆಂಗಳೂರಿನಲ್ಲಿ ಸರ್ವೆ ಡೇಟಾ ಜೊತೆ ಗುದ್ದಾಡುವ ಗೆಳೆಯರು ಆಗಾಗ ನನಗೆ ಡು-ಫೈಲ್ (ಸ್ಟೇಟಾ ಎಂಬ ಅಂಕಿಅಂಶ ಸಾಫ್ಟ್‌ವೇರ್‌ಗೆ ಕೊಡುವ ಆದೇಶಗಳ ಫೈಲ್) ಕಳಿಸಿ "ಒಮ್ಮೆ ನೋಡಿ" ಅನ್ನುತ್ತಾರೆ. ನಾನು ಮೊದಲು ಹುಡುಕುವುದು ಡ್ಯಾಶ್ ಎಲ್ಲಿದೆ ಅಂತ.

ಸ್ಟೇಟಾದಲ್ಲಿ ಹತ್ತು ಪ್ರಶ್ನೆಗಳ ಕಾಲಂ ಬೇಕು ಅಂತ ಕ್ಯೂ1-ಕ್ಯೂ10 ಬರೆದರೆ ಅದು ಒಂದರಿಂದ ಹತ್ತು ಎಣಿಸುವುದಿಲ್ಲ. ಫೈಲಿನಲ್ಲಿ ಆ ಎರಡು ಕಾಲಂ ಎಲ್ಲಿವೆ ನೋಡಿ, ನಡುವೆ ಇರುವುದನ್ನೆಲ್ಲ ಎತ್ತಿಕೊಳ್ಳುತ್ತದೆ. ಮೆಜೆಸ್ಟಿಕ್‌ನಿಂದ ಬನಶಂಕರಿಗೆ ಮೆಟ್ರೋ ಹತ್ತಿದರೆ ಚಿಕ್ಕಪೇಟೆ ಬೇಡ ಅಂದರೂ ಬರುತ್ತದೆ, ಅಲ್ವಾ? ಹಾಗೆ. ಯಾರೋ ಕ್ಯೂ4ರ ಪಕ್ಕ ಇನ್ನೊಂದು ನಂಬರ್ ಕಾಲಂ ತೂರಿಸಿದ್ದರೆ ನಿಮ್ಮ ಸರಾಸರಿಯಲ್ಲಿ ಅದೂ ಸೇರುತ್ತದೆ, ಎರರ್ ಕೂಡ ಬರುವುದಿಲ್ಲ. ಇನ್ನೊಂದು ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್‌ನಲ್ಲಿ ಡ್ಯಾಶ್ ಬದಲು ಬರೆಯುವ 'ಟು' ಕೂಡ ಹೀಗೇ. ತಮಾಷೆ ಅಂದರೆ, ಹೊಸ ವೇರಿಯಬಲ್ (ಅಂದರೆ ಕಾಲಂ) ಮಾಡುವಾಗ ಮಾತ್ರ ಅದೇ 'ಟು' ನಂಬರ್ ಎಣಿಸುತ್ತದೆ.

ಸ್ಯಾಸ್ ಎಂಬ ಮೂರನೇ ಸಾಫ್ಟ್‌ವೇರ್ ಇದನ್ನು ಬೇರೆ ಬೇರೆ ಮಾಡಿದೆ: ಒಂದು ಡ್ಯಾಶ್ ಅಂದರೆ ನಂಬರ್, ಎರಡು ಡ್ಯಾಶ್ ಅಂದರೆ ಫೈಲಿನ ಜಾಗ. ಆದರೆ ಕೂಡಿಸುವ ಸಮ್ ಫಂಕ್ಷನ್ ಒಳಗೆ 'ಆಫ್' ಹಾಕುವುದನ್ನು ಬಿಟ್ಟರೆ ಕ್ಯೂ1ರಿಂದ ಕ್ಯೂ10 ಕಳೆದು ಕೊಡುತ್ತದೆ!

ಸ್ಟೇಟಾದಲ್ಲಿ ಡ್ಯಾಶ್ ಬದಲು ಸ್ಟಾರ್ (*, ಅಂದರೆ 'ಹೀಗೆ ಶುರುವಾಗುವ ಎಲ್ಲವೂ') ಸ್ವಲ್ಪ ವಾಸಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್) ಹೆಂಗಸರ ಫೈಲಿನಲ್ಲಿ ಬಿ3_* ಅಂದರೆ ಬಿ3_01ರಿಂದ ಬಿ3_20ರವರೆಗೆ, ಮಕ್ಕಳು ಹುಟ್ಟಿದ ತಿಂಗಳುಗಳು, ಅಷ್ಟೇ. ಸೋಮಾರಿತನಕ್ಕೆ ಸುಮ್ನೆ ಬಿ* ಅಂದರೆ ಮಕ್ಕಳ ಕ್ರಮಸಂಖ್ಯೆ, ಲಿಂಗ, ಬದುಕಿದ್ದಾರೋ ಇಲ್ಲವೋ ಎಲ್ಲ ಒಟ್ಟಿಗೆ ಬರುತ್ತವೆ.

ನನಗೆ ಇಷ್ಟವಾದ ದಾರಿ ಅಂದರೆ ಡು-ಫೈಲಿನ ತಲೆಯಲ್ಲೇ ಪಟ್ಟಿಗಳನ್ನು ಮಾಡಿ ಹೆಸರಿಡುವುದು. ವಯಸ್ಸು ವಿ012, ಊರೋ ಪಟ್ಟಣವೋ ವಿ025, ಓದು ವಿ106, ಆಸ್ತಿಯ ಸೂಚಿ ವಿ190, ಇವೆಲ್ಲ 'ಹಿನ್ನೆಲೆ' ಅನ್ನುವ ಒಂದು ಮ್ಯಾಕ್ರೋ, ಅಂದರೆ ಇಡೀ ಪಟ್ಟಿಯ ಬದಲು ಬರೆಯುವ ಒಂದು ಹೆಸರು. ಮುಂದೆ ಬದಲಾವಣೆ ಒಂದೇ ಕಡೆ. ಆದರೆ ಸ್ಟೇಟಾದ ಲೋಕಲ್ ಮ್ಯಾಕ್ರೋಗೆ (ಒಂದು ಸಲದ ಓಟಕ್ಕೆ ಮಾತ್ರ ಉಳಿಯುವಂಥದ್ದು) ಒಂದು ಕೆಟ್ಟ ಗುಣ ಇದೆ. ಡು-ಫೈಲಿನ ಕೆಳಗಿನ ನಾಲ್ಕು ಸಾಲು ಮಾತ್ರ ಸೆಲೆಕ್ಟ್ ಮಾಡಿ ಓಡಿಸಿದರೆ, ಮೇಲೆ ಬರೆದ ಲೋಕಲ್ ಅದಕ್ಕೆ ಕಾಣುವುದೇ ಇಲ್ಲ, ಖಾಲಿ ಆಗುತ್ತದೆ. ಆಗ ರಿಗ್ರೆಶನ್ ಹಿನ್ನೆಲೆಯೇ ಇಲ್ಲದೆ ಓಡಿ, ಟೇಬಲ್ ಚೆನ್ನಾಗಿಯೇ ಕಾಣುತ್ತದೆ. ಸರಾಸರಿ ತೋರಿಸುವ ಸಮರೈಸ್ ಕಮಾಂಡ್ ಆದರೆ ಇಡೀ ಫೈಲಿನ ವೇರಿಯಬಲ್‌ಗಳನ್ನೆಲ್ಲ ಸುರಿಯುತ್ತದೆ, ಅದಾದರೂ ಗೊತ್ತಾಗುತ್ತದೆ. ಅದಕ್ಕೇ ಕೆಲವರು, ಸ್ಟೇಟಾ ಮುಚ್ಚುವವರೆಗೂ ಉಳಿಯುವ ಗ್ಲೋಬಲ್ ಮ್ಯಾಕ್ರೋ ಕಡೆ ಹೋಗುತ್ತಾರೆ. 2019ರಲ್ಲಿ ಬಂದ ಸ್ಟೇಟಾ 16ರಲ್ಲಿ ಹೀಗೆ ಪಟ್ಟಿಗೆ ಹೆಸರಿಡೋಕೆ ಅಂತಲೇ 'ವಿಎಲ್' ಕಮಾಂಡ್ ಕೂಡ ಇದೆ.

ಎಸ್‌ಪಿಎಸ್‌ಎಸ್‌ನಲ್ಲಿ 'ವೇರಿಯಬಲ್ ಸೆಟ್' ಅಂತ ಕಂಡು ಖುಷಿಪಡಬೇಡಿ. ಅದು ಪರದೆ ಮೇಲೆ ಪಟ್ಟಿ ಚಿಕ್ಕದಾಗಿ ತೋರಿಸೋಕೆ ಅಷ್ಟೇ. ಸಿಂಟ್ಯಾಕ್ಸ್ (ಎಸ್‌ಪಿಎಸ್‌ಎಸ್‌ನ ಆದೇಶಗಳನ್ನು ಕೈಯಲ್ಲೇ) ಬರೆಯುವವರಿಗೆ 'ಡಿಫೈನ್' ಮ್ಯಾಕ್ರೋನೇ ಗತಿ.